ನಾಲ್ಕನೇ ಗೆರೆ

"ಹೆಗಲ ಮೇಲೆ ನಾಲ್ಕು ಗೆರೆ ಬಿತ್ತು ಅಂತ ಆಕಾಶ ಎಲ್ಲಾ ನಿಮ್ಮಪ್ಪಂದು ಅನ್ಕೊಂಡ್ಯೇನೋ? ಗುರುವಾರ ರಜಾ ಇಲ್ಲ ಅಂದ್ರೆ ಇಲ್ಲ. ಕಿವಿ ಕೇಳ್ಸಲ್ವಾ ನಿಂಗೆ?"

ರಸ್ಟಿ ಡನ್‌ಹ್ಯಾಮ್ ನಮ್ಮ ಸಣ್ಣ ವಿಮಾನ ಕಂಪನಿಯ ಮುಖ್ಯ ಪೈಲಟ್. ಬರ್ಗರ್ ತಿನ್ನುತ್ತಲೇ ಮಾತಾಡುತ್ತಿದ್ದ. ಅವನಿಗೆ ನಲವತ್ತು ವರ್ಷ, ನನಗೆ ಐವತ್ತೊಂದು.

"ಹನ್ನೊಂದು ವರ್ಷ ಕಾದಿದ್ದಕ್ಕೆ ದೊಡ್ಡ ಕಂಪನಿಯಿಂದ ಸಂದರ್ಶನ ಬಂದಿದೆ ಸಾರ್. ಗುರುವಾರ ಬೆಳಿಗ್ಗೆ ಎಂಟಕ್ಕೆ, ಷಿಕಾಗೋದಲ್ಲಿ. ನನ್ನ ಕೋ-ಪೈಲಟ್ ಮಟೇಯೋಗೂ ಅವತ್ತೇ ಬಂದಿದೆ. ಅವನಿಗೆ ನಿನ್ನೆ ರಜಾ ಕೊಟ್ರಲ್ಲ?"

"ಕೋ-ಪೈಲಟ್‌ಗಳು ನನ್ ಹತ್ರ ರಾಶಿ ಬಿದ್ದವ್ರೆ. ಕ್ಯಾಪ್ಟನ್‌ನ ಎಲ್ಲಿಂದ ತರ್ಲಿ? ನೀನು ಹೋದ್ರೆ ಒಂದು ವಿಮಾನ ನಿಲ್ತದೆ."

"ಕ್ಯಾಪ್ಟನ್ ಆಗು, ದೊಡ್ಡ ಕಂಪನಿಯೋರು ಬೇಗ ಕರೀತಾರೆ ಅಂದೋರು ನೀವೇ."

"ಹೂಂ, ಅಂದೆ. ಕರೆದವ್ರಲ್ಲ ಮತ್ತೆ? ಕರೀತಾರೆ ಅಂದೆ, ಕಳಿಸ್ತೀನಿ ಅಂದ್ನೇನೋ ಬೋಳಿಮಗನೆ?"

ತನ್ನ ಮಾತಿಗೆ ತಾನೇ ನಕ್ಕ. ನಗುವಾಗ ಬಾಯಲ್ಲಿದ್ದ ಈರುಳ್ಳಿ ಕಾಣಿಸಿತು. ನಾನು ಹೊರಗೆ ಬಂದೆ.

ನಾವು ಓಡಿಸುವ ವಿಮಾನದ ಬಾಲಕ್ಕೆ ದೊಡ್ಡ ಕಂಪನಿಯ ಬಣ್ಣ ಬಳಿದಿದೆ. ಟಿಕೆಟ್ ಅವರದು, ಹತ್ತುವ ಜನ ಅವರ ಜನ. ಒಳಗೆ ಕೂತು ಓಡಿಸುವ ನಾವು ಮಾತ್ರ ಅವರಿಗೆ ಏನೂ ಆಗಬೇಕಾಗಿಲ್ಲ. ಅವರ ಮನೆಯ ಬಾಗಿಲು ತೆರೆಯಲಿ ಎಂದೇ ನಮ್ಮಂಥ ಸಾವಿರಾರು ಜನ ಈ ಸಣ್ಣ ಕಂಪನಿಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಳ್ಳುತ್ತೇವೆ.

ಒಂಬತ್ತು ವರ್ಷ ನಾನು ಕೋ-ಪೈಲಟ್ ಆಗಿದ್ದೆ. ಹೆಗಲ ಮೇಲೆ ಮೂರೇ ಗೆರೆ, ನಾಲ್ಕು ಕ್ಯಾಪ್ಟನ್‌ಗೆ ಮಾತ್ರ. ಆದರೆ ಕೋ-ಪೈಲಟ್‌ಗಳಲ್ಲಿ ನಾನೇ ಹಿರಿಯ. ಈ ಕಸುಬಿನಲ್ಲಿ ರಜಾ, ಊರು, ಪಾಳಿ ಎಲ್ಲವೂ ಹಿರಿತನದ ಸಾಲಿನಲ್ಲಿ ನಿನ್ನ ಜಾಗ ಎಲ್ಲಿ ಎನ್ನುವುದರ ಮೇಲೆ. ಭಾನುವಾರ ಡುಲೂತಿನ ನನ್ನ ಮನೆಯಲ್ಲಿರುತ್ತಿದ್ದೆ. ಹೆಂಡತಿ ಜೋಲೀನ್ ಜೊತೆ ಚರ್ಚಿಗೆ ಹೋಗುತ್ತಿದ್ದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯುತ್ತಿದ್ದೆ. ನಾಲ್ಕನೇ ಗೆರೆ ಬಿದ್ದ ದಿನವೇ ಕ್ಯಾಪ್ಟನ್‌ಗಳ ಸಾಲಿನಲ್ಲಿ ಕಟ್ಟಕಡೆಯವನಾದೆ. ಮನೆಯಿಂದ ದೂರದ ನೆವಾರ್ಕಿಗೆ ಎಸೆದರು. ಅಲ್ಲಿ ಒಂದು ಕೋಣೆ, ಎಂಟು ಮಂಚ, ಹನ್ನೊಂದು ಜನ. ಯಾವನು ಹಾರಲು ಹೋಗಿದ್ದಾನೋ ಅವನ ಹಾಸಿಗೆಯಲ್ಲಿ ಮಲಗಿ, ಫೋನ್ ಬಡಿದಾಗ ಎದ್ದು ಓಡಬೇಕು. ಎರಡು ವರ್ಷ ಹೀಗೇ ಹೋಯಿತು. ಈಗ ಭಾನುವಾರ ಬರ್ತೀಯಾ ಎಂದು ಜೋಲೀನ್ ಕೇಳುವುದನ್ನೇ ಬಿಟ್ಟಿದ್ದಾಳೆ.

ಅರವತ್ತೈದಕ್ಕೆ ನಮ್ಮನ್ನು ಕೆಳಗಿಳಿಸುತ್ತಾರೆ, ಅದು ಕಾನೂನು. ಸಂದರ್ಶನದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ದಿನ ಬರದಿದ್ದರೆ ಅರ್ಜಿ ರದ್ದು, ಮತ್ತೆ ಮೊದಲಿನಿಂದ ಹಾಕಬೇಕು. ನನ್ನ ಬಳಿ ಮತ್ತೆ ಮೊದಲು ಎನ್ನುವುದು ಉಳಿದಿರಲಿಲ್ಲ.

ಆದರೂ ಅದೃಷ್ಟ ಸ್ವಲ್ಪ ಕಣ್ಣು ಬಿಟ್ಟಿತೇನೋ ಅನ್ನಿಸಿತು. ಬುಧವಾರ ನನಗೂ ಮಟೇಯೋಗೂ ಒಟ್ಟಿಗೇ ಪಾಳಿ ಬಿತ್ತು. ಅದು ಮುಗಿಯುವುದೇ ಷಿಕಾಗೋದಲ್ಲಿ, ಮಧ್ಯಾಹ್ನ ಮೂರಕ್ಕೆ. ಮುಂದಿನ ಪಾಳಿ ಇನ್ನೂ ಹಾಕಿರಲಿಲ್ಲ. ಸಂದರ್ಶನದ ಕೋಟು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ.

ನಮ್ಮಲ್ಲೊಂದು ರೂಢಿಯಿದೆ. ಹೊಸ ಪಾಳಿಯ ಚೀಟಿಯನ್ನು ಎದುರಿಗೆ ಬಂದು ಕೈಗೆ ಕೊಡುವ ತನಕ ನೀನು ಸ್ವತಂತ್ರ. ಅದಕ್ಕೇ ಕೊನೆಯ ಹಾರಾಟ ಮುಗಿಯುತ್ತಲೇ ಎಲ್ಲರೂ ಫೋನ್ ಆಫ್ ಮಾಡುತ್ತಾರೆ. ಕಂಪನಿಯವರೇನು ದಡ್ಡರೇ? ಚೀಟಿ ಕೊಟ್ಟು ಗೇಟಿನ ಕೆಲಸದವರನ್ನೇ ವಿಮಾನದ ಬಾಗಿಲಿಗೆ ಅಟ್ಟುತ್ತಾರೆ. ಬುದ್ಧಿ ಇದ್ದವನು ಪಕ್ಕದ ಕಬ್ಬಿಣದ ಮೆಟ್ಟಿಲಿಳಿದು ಸಾಮಾನು ಗಾಡಿಗಳ ಹಿಂದೆ ಮರೆಯಾಗುತ್ತಾನೆ.

ಇಂಜಿನ್ ನಿಂತ ಕೂಡಲೇ ಮಟೇಯೋ ಟೊಪ್ಪಿ ಕಂಕುಳಲ್ಲಿ ಇಟ್ಟುಕೊಂಡ.

"ಬಾ ಗುರು, ಇಳಿ. ರಜಾ ಕೊಟ್ಟಿದ್ರೂ ಇವರನ್ನ ನಂಬೋಕಾಗಲ್ಲ. ಜನ ಅವರಷ್ಟಕ್ಕೆ ಇಳ್ಕೊಂಡು ಹೋಗ್ತಾರೆ."

"ಎರಡೇ ನಿಮಿಷ ಕಣೋ. ಕ್ಯಾಪ್ಟನ್ ಬಾಗಿಲಲ್ಲಿ ನಿಲ್ಲಬೇಕು."

"ನಿನ್ ಮರ್ಯಾದೆಗೆ ಬೆಂಕಿ ಬೀಳಾ. ಓಡು ಅಂತೀನಿ!"

ಅವನು ಓಡಿದ. ನಾನು ನಿಂತೆ. ಕ್ಯಾಪ್ಟನ್ ಆದ ಮೊದಲ ದಿನದಿಂದಲೂ ನಿಂತಿದ್ದೇನೆ. ಐವತ್ತು ಜನಕ್ಕೂ ಹೋಗಿಬನ್ನಿ ಎನ್ನುವುದು ಆ ನಾಲ್ಕನೇ ಗೆರೆಯಿಂದ ನನಗೆ ದಕ್ಕಿದ ಒಂದೇ ಸಂತೋಷ. ಕೋಲು ಹಿಡಿದ ಮುದುಕಿಯೊಬ್ಬಳು ನನ್ನ ಕೈ ಹಿಡಿದು, ಚೆನ್ನಾಗಿ ಇಳಿಸಿದೆ ಮಗಾ ಅಂದಳು. ಅವಳ ಹಿಂದೆಯೇ ಗೇಟಿನ ಒಡೆಸ್ಸಾ ನಿಂತಿದ್ದಳು. ಕೈಯಲ್ಲಿ ಚೀಟಿ.

"ಅಯ್ಯೋ ಡೇಲಪ್ಪಾ, ಯಾಕ್ ನಿಂತೆ ಇಲ್ಲಿ? ಆ ಹುಡ್ಗನ ಹಂಗೆ ಓಡ್ಬಾರ್ದಿತ್ತಾ? ನಿಧಾನಕ್ಕೇ ಬಂದೆ ಕಣಪ್ಪಾ ನಾನು."

"ಸಿಗಲಿಲ್ಲ ಅಂತ ಹೇಳ್ಬಿಡಕ್ಕ."

ಅವಳು ಮೇಲಿನ ಕ್ಯಾಮೆರಾದ ಕಡೆ ಕಣ್ಣು ತೋರಿಸಿದಳು. "ಹೋದ ವಾರ ನನ್ ಜೊತೆ ಕೆಲ್ಸದ ರೋಸಲಿನ್ ಹಂಗೇ ಹೇಳಿದ್ಲು. ಮಾರನೇ ದಿನ ಮನೇಗ್ ಕಳಿಸಿದ್ರು. ನನ್ ಮೊಮ್ಮಕ್ಕಳಿಗೆ ನಾನೊಬ್ಳೇ ದಿಕ್ಕು."

ಅರವತ್ತು ದಾಟಿದ ಹೆಂಗಸು. ಚೀಟಿ ತೆಗೆದುಕೊಂಡೆ. ಸಂಜೆ ಐದಕ್ಕೆ ಡೆಮೊಯ್ನ್ ಊರಿಗೆ ಹಾರಾಟ, ರಾತ್ರಿ ಅಲ್ಲೇ ತಂಗುವುದು, ನಾಳೆ ಮಧ್ಯಾಹ್ನ ವಾಪಸ್.

ಐದಕ್ಕೆ ಹತ್ತು ನಿಮಿಷವಿರುವಾಗ ಬೇರೆ ಗೇಟಿನಲ್ಲಿ, ಬೇರೆ ವಿಮಾನದ ಎದುರು, ಹಾರಾಟದ ಕಾಗದ ನನ್ನ ಮುಂದಿತ್ತು. ಕ್ಯಾಪ್ಟನ್ ಸಹಿ ಹಾಕದೆ ಚಕ್ರ ಉರುಳುವುದಿಲ್ಲ. ಬೆಳಿಗ್ಗೆ ಮೂರೂವರೆಗೆ ಎದ್ದವನು, ಐದು ಸಲ ವಿಮಾನ ಹತ್ತಿಸಿ ಇಳಿಸಿದ್ದೆ. ಕಾಗದದ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು. ದಣಿದಿದ್ದೇನೆ ಎಂದು ಪೈಲಟ್ ಹೇಳಿದರೆ ಅವನಿಂದ ಹಾರಿಸುವಂತಿಲ್ಲ ಎಂದು ಕಾನೂನಿದೆ. ಹಾಗೆ ಹೇಳಿದವರ ಹೆಸರು ಕಂಪನಿಯ ಯಾವ ಪಟ್ಟಿಗೆ ಹೋಗುತ್ತದೆ ಎಂಬುದೂ ನಮಗೆ ಗೊತ್ತು. ಎರಡು ವರ್ಷದಲ್ಲಿ ಎಷ್ಟೋ ಸಲ ದಣಿದಿದ್ದೆ, ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಗೇಟಿನ ಫೋನಿನಿಂದ ಡನ್‌ಹ್ಯಾಮ್‌ಗೆ ಹೇಳಿದೆ.

"ನಾಟಕ ಆಡ್ಬೇಡ ಕಣೋ! ನಾಳೆ ಸಂದರ್ಶನ ಅಂತ ಇವತ್ತು ದಣಿವಾ?"

"ಸಂದರ್ಶನ ಇಲ್ದೇ ಇದ್ರೂ ಇವತ್ತು ನಂಗೆ ಕಣ್ಣು ಬಿಡೋಕಾಗ್ತಿಲ್ಲ. ಐವತ್ತು ಜನರನ್ನ ಕೂರಿಸ್ಕೊಂಡು ನಾನು ಹೋಗಲ್ಲ."

"ನಾಳೆ ನಿನ್ನನ್ನ ಪ್ರಶ್ನೆ ಕೇಳೋರೂ ಈ ವಿಮಾನದ ಬಾಲಕ್ಕೆ ಬಣ್ಣ ಬಳ್ದೋರೇ. ಅವರ ವಿಮಾನ ನಿಲ್ಲಿಸ್ದೋನು ಇವನೇ ಅಂತ ನಂದೊಂದು ಫೋನ್ ಸಾಕು."

"ಮಾಡಿ."

"ಏನಂದೆ?"

"ಫೋನ್ ಮಾಡಿ ಸಾರ್ ಅಂದೆ."

ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟು ಪೆಟ್ಟಿಗೆ ಎಳೆದುಕೊಂಡು ಹೊರಟೆ. ಹಾರಾಟ ರದ್ದು ಎಂದು ಮೈಕಿನಲ್ಲಿ ಹೇಳಿದರು, ಕ್ಯಾಪ್ಟನ್ ದಣಿದಿದ್ದಾರಂತೆ ಎಂಬುದನ್ನೂ ಸೇರಿಸಿಯೇ ಹೇಳಿದರು. ಕೆಂಪು ಟೊಪ್ಪಿಯ ಪ್ರಯಾಣಿಕನೊಬ್ಬ ದಾರಿಗೆ ಅಡ್ಡ ನಿಂತ.

"ದಣಿವಂತೆ! ಕುಂತಲ್ಲೇ ಕುಂತು ದುಡಿಯೋ ನಿಂಗೇನ್ಲಾ ದಣಿವು? ನನ್ ಮಗಳ ಮದ್ವೆ ನಾಳೆ. ಥೂ!"

ಎಂಜಲು ನನ್ನ ಅಂಗಿಯ ಮೇಲೆ ಬಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗಳ ಮದುವೆ ತಪ್ಪಿಸಿದ್ದು ನಾನೇ ತಾನೇ.

ಗುರುವಾರ ಬೆಳಿಗ್ಗೆ ಕೋಟು ತೊಟ್ಟು, ಎಂಟಕ್ಕೆ ಕಾಲು ಗಂಟೆ ಮುಂಚೆ ದೊಡ್ಡ ಕಂಪನಿಯ ಕಟ್ಟಡಕ್ಕೆ ಹೋದೆ. ಗಾಜಿನ ಮೇಜಿನ ಹಿಂದೆ ಕೂತಿದ್ದ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿದಳು.

"ಡೇಲ್ ಹೌಗನ್ ಅಂತ ಯಾರೂ ಇಲ್ವಲ್ಲ ಸಾರ್."

"ನಿನ್ನೆ ಇತ್ತು."

ಮತ್ತೆ ನೋಡಿದಳು. "ಹೌದು... ನಿನ್ನೆ ಸಂಜೆ ತೆಗೆದಿದಾರೆ. ನೀವಿನ್ನು ಹೋಗ್ಬಹುದು."

ಮಟೇಯೋ ಅಲ್ಲೇ ಕೂತಿದ್ದ. ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿದ. ಒಳಗಿನಿಂದ ಬಂದ ಬೋಳುತಲೆಯ ಅಧಿಕಾರಿ ಅವನ ಹೆಸರು ಕರೆದು, ಕೈ ಕುಲುಕಿ, ಕೈಯಲ್ಲಿದ್ದ ಫೈಲ್ ತಿರುವಿದ.

"ಕೋ-ಪೈಲಟ್ ಆಗಿ ಐದು ವರ್ಷ ಆಯ್ತು. ಕ್ಯಾಪ್ಟನ್ ಆಗು ಅಂತ ನಿಮ್ಮೋರು ಕೇಳ್ಲಿಲ್ವಾ?"

"ಕೇಳಿದ್ರು ಸಾರ್. ನಾನು ಬ್ಯಾಡ ಅಂದೆ."

"ಜಾಣ ಇದೀಯ," ಎಂದು ಬೆನ್ನು ತಟ್ಟಿ ನಕ್ಕ. "ಕ್ಯಾಪ್ಟನ್‌ಗಳನ್ನ ಅಲ್ಲಿಂದ ಬಿಡಿಸ್ಕೊಂಡು ಬರೋದೇ ನಮಗೊಂದು ತಲೆನೋವು. ಬಾ ಒಳಗೆ."

ಬಾಗಿಲು ಮುಚ್ಚಿತು. ಮಟೇಯೋ ಎದ್ದ ಕುರ್ಚಿ ಖಾಲಿಯಿತ್ತು. ಹೋಗಿ ಕೂತೆ.

"ಸಾರ್, ನಿಮಗೆ ಹೋಗಿ ಅಂತ ಹೇಳ್ದೆ," ಎಂದಳು ಹೆಂಗಸು.

"ನನ್ನ ಹೆಸರು ಕರೀಲಿ. ಆಮೇಲೆ ಹೋಗ್ತೀನಿ."

"ಕರೆಯಲ್ಲ ಸಾರ್. ಹೆಸರೇ ಇಲ್ವಲ್ಲ."

"ಕರೀಲಿ."

ಸುತ್ತ ಕೂತಿದ್ದ ಎಳೆಯರು ತಮ್ಮ ಹೊಸ ಬೂಟುಗಳನ್ನೇ ನೋಡತೊಡಗಿದರು. ಒಬ್ಬೊಬ್ಬರದೇ ಹೆಸರು ಬಂತು, ಒಬ್ಬೊಬ್ಬರೇ ಒಳಗೆ ಹೋದರು. ಕಾವಲಿನವನು ಬಂದು ಹೆಗಲ ಮೇಲೆ ಕೈಯಿಟ್ಟು, "ಏಳಣ್ಣ, ಯಾಕೆ ಸುಮ್ನೆ," ಎಂದ. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ನಾನು ಏಳದಿದ್ದಾಗ ವೈರ್‌ಲೆಸ್‌ನಲ್ಲಿ ಇನ್ನಿಬ್ಬರನ್ನು ಕರೆದ.

ಎರಡೂ ಕೈಯಿಂದ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ.