ಮೂರು ಡಾಲರಿನ ಅಂಚು

ಮತ್ತೆ ಭೂತಗನ್ನಡಿ ಒರೆಸುತ್ತಿದ್ದಾನೆ, ಇದು ಮೂರನೆಯ ಸಲ, ಅಂಗಿಯ ತುದಿಗೆ ಉಜ್ಜಿ, ದೀಪಕ್ಕೆ ಹಿಡಿದು, ಮತ್ತೆ ಉಜ್ಜಿ, ಗಾಜಿನ ಮೇಲೆ ಏನೂ ಇಲ್ಲ ಹಾರ್ಲನ್, ಮಸುಕಿರುವುದು ಗಾಜಿನಲ್ಲಲ್ಲ, ಆದರೆ ಲುಯೆಲ್ಲಾ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ, ಗಂಡನ ಪಕ್ಕದಲ್ಲಿ ಕೂತು ನಾಣ್ಯಗಳಿಗೆ ರಟ್ಟಿನ ಚೌಕ ಮಡಚಿ ಪಿನ್ನು ಹೊಡೆಯುತ್ತಿದ್ದಾಳೆ, ನಲವತ್ತೊಂದು ವರ್ಷದಿಂದ ಅದೇ ಕೆಲಸ, ತಿಂಗಳ ಮೊದಲ ಭಾನುವಾರ ಊರಿನ ಅಗ್ನಿಶಾಮಕ ಠಾಣೆಯಲ್ಲಿ ನಾಣ್ಯದ ಸಂತೆ, ಬೆಂಕಿ ಆರಿಸುವ ಗಾಡಿಗಳನ್ನು ಹೊರಗೆ ನಿಲ್ಲಿಸಿ ಆ ಜಾಗದಲ್ಲಿ ಮೇಜು ಹಾಕುತ್ತಾರೆ, ಅಡುಗೆಮನೆಯಿಂದ ಕೋಳಿ-ಜೋಳದ ಸೂಪಿನ ವಾಸನೆ, ಉಪ್ಪು ಕಡಿಮೆ ಹಾಕಿರುತ್ತಾರೆ, ಯಾವಾಗಲೂ ಕಡಿಮೆಯೇ — ಆ ಕಣ್ಣಿನ ಡಾಕ್ಟರ ಚೀಟಿ ಅವನ ಕೋಟಿನ ಜೇಬಿನಲ್ಲಿ ಸಿಕ್ಕದ್ದು ಏಪ್ರಿಲ್‌ನಲ್ಲಿ, ಒಗೆಯಲು ಹಾಕುವಾಗ, ಎರಡೂ ಕಣ್ಣು, ದೃಷ್ಟಿಯ ನಡುಭಾಗ ಹೋಗುತ್ತಿದೆ, ಓದಿ ಹಾಗೇ ಮಡಚಿ ಅದೇ ಜೇಬಿಗೆ ಇಟ್ಟಳು, ಕೋಟು ಒಗೆಯಲೇ ಇಲ್ಲ, ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ, ಹೋದ ತಿಂಗಳು ಅಡುಗೆ ಸೋಡಾ ಹಾಕಿ ತಿಕ್ಕಿದ ಐದು ಡಾಲರಿನ ನಾಣ್ಯವೊಂದನ್ನು, ಹೊಸ ಹಿತ್ತಾಳೆ ಗುಂಡಿಯ ಹಾಗೆ ಹೊಳೆಯುತ್ತಿತ್ತು, ತಿಕ್ಕಿದ ನಾಣ್ಯಕ್ಕೆ ಬೆಲೆ ಬಿದ್ದುಹೋಗುತ್ತದೆ, ಎಂಥ ಹೊಸಬನೂ ಕೈಬಿಡುವಂಥದ್ದು, ಇವನು ಒಳ್ಳೆಯದೆಂದು ಕೊಂಡುಬಿಟ್ಟ, ಇವಳು ತಾನು ಕೌದಿ ಹೊಲಿದು ಗಳಿಸಿದ ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿ, ಅದನ್ನು ರೆಡಿಂಗ್ ಊರಿನಿಂದ ಬಂದ ಒಬ್ಬ ತಗೊಂಡು ಹೋದ ಎಂದಳು, ಅವನು ಖುಷಿಯಾಗಿ ಎರಡು ತುಂಡು ಪೈ ತಿಂದ, ಪಾಪ, ತಿನ್ನಲಿ.

ಯಾರೋ ಬಂದು ನಿಂತಿದ್ದಾರೆ, ಐವತ್ತರ ಹೆಂಗಸು, ಸ್ಕೂಲ್ ಬಸ್ ಓಡಿಸುವವಳಂತೆ, ಹೆಸರು ರೊವೀನಾ, ಕರವಸ್ತ್ರದ ಗಂಟು ಬಿಚ್ಚುತ್ತಿದ್ದಾಳೆ, ನಮ್ಮಜ್ಜಿದು ಎಂದಳು, ಬಸ್ಸಿನವರೆಲ್ಲ ಹಾರ್ಲನ್‌ಗೇ ತೋರಿಸು ಅಂದ್ರು, ಅವರು ಒಂದು ಬೆಲೆ ಹೇಳಿದ್ರೆ ಮುಗೀತು ಅಂದ್ರು — ಹೌದು, ಮುಗಿಯಿತು, ಈ ಸಂತೆಯಲ್ಲಿ ಬಾಯಿಂದ ಬಂದ ಬೆಲೆಯನ್ನು ವಾಪಸು ನುಂಗುವ ಹಾಗಿಲ್ಲ, ಹಾರ್ಲನ್ ಒಂದು ಸಲವೂ ನುಂಗಿದವನಲ್ಲ — ಕಪ್ಪು ಮಖಮಲ್ಲಿನ ಮೇಲೆ ಪುಟ್ಟ ಚಿನ್ನದ ನಾಣ್ಯ, ಮೂರು ಡಾಲರು, ೧೮೭೮, ಗರಿಯ ಕಿರೀಟ ತೊಟ್ಟ ಹುಡುಗಿ, ಅವಳ ಕೆನ್ನೆ ಎಷ್ಟು ನಯ, ಇವನು ಮೂಗಿಗೆ ತಾಗುವ ಹಾಗೆ ಹಿಡಿದು ನೋಡುತ್ತಿದ್ದಾನೆ, ಪಕ್ಕದ ಮೇಜಿನ ಇರ್ವಿನ್ ಕತ್ತು ಉದ್ದ ಮಾಡಿದ, ಏನು ಹಾರ್ಲನ್, ನೋಡ್ತಾ ಇದೀಯೋ ಮೂಸ್ತಾ ಇದೀಯೋ, ಸುತ್ತ ನಾಲ್ಕು ಜನ ನಕ್ಕರು, ಹಾರ್ಲನ್ ಕೂಡ ನಕ್ಕ, ಕಿವಿ ಕೆಂಪಾಯಿತು, ಬಹಳ ಚೆನ್ನಾಗಿದೆ ಎಂದ, ಇಷ್ಟು ಚೆನ್ನಾಗಿರೋದು ಈ ಮೇಜಿಗೆ ಬಂದು ಎಷ್ಟೋ ವರ್ಷ ಆಯ್ತು, ರೊವೀನಾಳ ಮುಖ ಅರಳುತ್ತಿದೆ, ಮತ್ತು ಲುಯೆಲ್ಲಾಗೆ ಆಗ ಕಂಡಿತು, ಗರಿಗಳ ಮೇಲುಗಡೆ ಅಂಚು ಒಂದು ಚೂರು ದಪ್ಪ, ಬಣ್ಣವೂ ಒಂದಿಷ್ಟು ಬೇರೆ, ಬೆಸುಗೆ, ಅಂಚಿನ ಸುತ್ತ ಇರುವ ಹಲ್ಲುಗಳು ಜೋಳದ ಕಾಳಿನಷ್ಟು ಜಾಗದಲ್ಲಿ ಇಲ್ಲ, ಯಾರೋ ಅರ ಹಾಕಿ ನುಣ್ಣಗೆ ಮಾಡಿದ್ದಾರೆ, ಕೊರಳಿಗೆ ಹಾಕಿದ್ದ ನಾಣ್ಯ, ಬೆಲೆ ಅರ್ಧಕ್ಕಿಂತ ಕೆಳಗೆ, ಇರ್ವಿನ್ ನೋಡುತ್ತಿದ್ದಾನೆ, ನಾಳೆ ಅವನ ಕೈಗೆ ಇದು ಹೋದರೆ ಊರೆಲ್ಲ ಡಂಗುರ, ಹಾರ್ಲನ್ ಕಣ್ಣು ಹೋಯ್ತು ಎಂದು, ಹೇಳಲೇ, ಎಲ್ಲರ ಎದುರು, ಹೆಂಡತಿ ತಿದ್ದಿದಳು ಎಂದಾದರೆ ಈ ಮನುಷ್ಯ ಮತ್ತೆ ಈ ಮೇಜಿಗೆ ಬರುವುದಿಲ್ಲ, ಈ ಮೇಜೇ ಇಲ್ಲದಿದ್ದರೆ ಅವನು ಭಾನುವಾರ ಎದ್ದು ಏನು ಮಾಡುತ್ತಾನೆ, ಕಿಟಕಿ ಬಳಿ ಕೂರುತ್ತಾನೆ, ಏನೂ ಕಾಣದ ಕಿಟಕಿ — ಹಾರ್ಲನ್ ಬಾಯಿ ತೆರೆದ, ಬೆಲೆ ಹೇಳಲು ತೆರೆದ, ಇಲ್ಲಿ ಕೊಡು, ಅಳತೆಗೆ ರಟ್ಟು ನೋಡ್ತೀನಿ ಎಂದು ಲುಯೆಲ್ಲಾ ನಾಣ್ಯ ಕಸಿದುಕೊಂಡಳು, ರಟ್ಟಿಗೆ ಇಟ್ಟ ಹಾಗೆ ಮಾಡಿದಳು, ತಿರುಗಿಸಿದಳು, ವಾಪಸು ಕೊಡುವಾಗ ಅವನ ತೋರುಬೆರಳು ನೇರ ಆ ನುಣುಪಿನ ಮೇಲೆ ಕೂರುವ ಹಾಗೆ ಕೊಟ್ಟಳು, ಕೊಟ್ಟು ಒಂದು ಕ್ಷಣ ಒತ್ತಿ ಹಿಡಿದಳು.

ಬೆರಳು ನಿಂತಿತು. ಆಚೆ ಸರಿಯಿತು, ಹಲ್ಲು, ಹಲ್ಲು, ಈಚೆ ಬಂತು, ನುಣುಪು, ಮತ್ತೆ ಹಲ್ಲು, ಅವನು ಭೂತಗನ್ನಡಿ ಕೆಳಗಿಟ್ಟ, ಇವಳ ಕಡೆ ತಿರುಗಲಿಲ್ಲ, ನೋಡಮ್ಮಾ ಎಂದ, ಇದಕ್ಕೆ ಒಂದು ಕಾಲದಲ್ಲಿ ಕೊಂಡಿ ಇತ್ತು, ಯಾರೋ ಸರಕ್ಕೆ ಹಾಕ್ಕೊಂಡಿದ್ರು, ಸಂಗ್ರಹ ಮಾಡೋರು ಇದಕ್ಕೆ ಹೆಚ್ಚು ಕೊಡಲ್ಲ, ನಿಮಗೆ ಸುಳ್ಳು ಹೇಳೋಕಾಗಲ್ಲ — ಇರ್ವಿನ್ ಎದ್ದು ಬಂದು ಬಗ್ಗಿ ನೋಡಿ, ಅಬ್ಬ, ನನಗೆ ಕಾಣ್ಲೇ ಇಲ್ವಲ್ಲೋ ಎಂದು ಸೂಪಿನ ಕಡೆ ಹೋದ — ರೊವೀನಾಳ ಮುಖ ಬಾಡಿತು, ಆಮೇಲೆ ಕೈ ತಾನಾಗಿ ಕೊರಳಿಗೆ ಹೋಯಿತು, ಅಜ್ಜಿ ಮಾತಾಡೋವಾಗೆಲ್ಲ ಇಲ್ಲಿ ಏನೋ ಹುಡುಕ್ತಾ ಇದ್ರು, ಏನೂ ಇರ್ತಿರ್ಲಿಲ್ಲ, ನಾವು ನಗ್ತಿದ್ವಿ, ಇದನ್ನಾ ಹುಡುಕ್ತಾ ಇದ್ದದ್ದು, ಎಂದು ಕಣ್ಣೊರೆಸಿಕೊಂಡಳು, ಕೊಂಡಿ ಮತ್ತೆ ಹಾಕಬಹುದಾ ಎಂದು ಕೇಳಿದಳು, ಹಾಕಿಸ್ಕೊಳ್ಳಿ, ಮಾರಬೇಡಿ ಎಂದ ಹಾರ್ಲನ್, ಅವಳು ಗಂಟು ಕಟ್ಟಿಕೊಂಡು ಹೋದಳು, ನಾಣ್ಯ ಹೋಯಿತು, ಆದರೆ ಲುಯೆಲ್ಲಾಗೆ ಇನ್ನೂ ಕಾಣುತ್ತಿರುವುದು ಆ ಬೆರಳು, ಅಂಚಿನ ಮೇಲೆ ಹಿಂದೆ ಮುಂದೆ, ಇಷ್ಟು ವರ್ಷ ಅವನ ಕಣ್ಣನ್ನೇ ನೋಡಿದಳು, ಬೆರಳನ್ನು ನೋಡಿರಲಿಲ್ಲ, ಎಷ್ಟು ಚೆಂದ.

ಹಾರ್ಲನ್ ಇನ್ನೊಂದು ನಾಣ್ಯ ಎತ್ತಿಕೊಂಡ, ಕಣ್ಣಿಗೆ ಒಯ್ಯಲಿಲ್ಲ. ನೀನು ಯಾವತ್ತೂ ನಾಣ್ಯ ಹಾಗೆ ಒತ್ತಿ ಕೊಟ್ಟವಳಲ್ಲ ಲೂ ಎಂದ, ನನ್ನ ಕಣ್ಣಿನ ವಿಷಯ ಎಷ್ಟು ದಿನದಿಂದ ಗೊತ್ತು. ಏಪ್ರಿಲ್‌ನಿಂದ ಎಂದಳು. ಹೂಂ ಎಂದ, ಹೂಂ, ರಟ್ಟು ಮಡಚಿದ್ದು ಸಾಕು, ಹತ್ರ ಬಾ, ಅಂಚು ನಾನು ಹೇಳ್ತೀನಿ, ಮುಖ ನೀನು ಹೇಳು — ಕುರ್ಚಿ ಎಳೆದುಕೊಂಡಳು, ಅವನು ನಾಣ್ಯವನ್ನು ಅವಳ ಕಡೆ ಚಾಚಿದ, ಬಿಡಲಿಲ್ಲ, ಅವಳು ಆ ಕಡೆಯ ಅಂಚು ಹಿಡಿದಳು, ಹೇಳಬೇಕು, ವರ್ಷ ಎಷ್ಟು, ಅಂಕಿ ಕಲಸಿಹೋಗಿದೆ, ಈಗ ಅವಳ ಕಣ್ಣೂ ನೀರಾಡಿ ಮಸುಕು, ಒಂದು ನಿಮಿಷ ಇರು ಹಾರ್ಲನ್, ಒಂದೇ ನಿಮಿಷ, ಕಾಣುತ್ತಿರುವುದು ಅಂಚಿನ ಮೇಲೆ ಅವನ ಬೆರಳು, ಈ ಕಡೆ ತನ್ನದು, ನಡುವೆ ಒಂದಿಷ್ಟು ಚಿನ್ನ, ಅವನ ಬೆರಳು, ಹಲ್ಲು ಹಲ್ಲು ಎಣಿಸುತ್ತ ತನ್ನ ಬೆರಳಿನ ಕಡೆಗೇ ಬರುತ್ತಿರುವ ಅವನ ಬೆರಳು —