ಬೇವಿನ ಜೀರುಂಡೆ, ಜೋಳದ ನುಸಿ

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಹಚ್ಚೊಳ್ಳಿಯ ಪಕ್ಕೀರಮ್ಮನಿಗೆ ಇಡೀ ಲೋಕದಲ್ಲಿ ಒಬ್ಬನೇ ವೈರಿ: ಅಂಗಳದ ಬೇವಿನ ಮರದಲ್ಲಿ ಕೂತು ಕಿರ್ರೆನ್ನುತ್ತಿದ್ದ ಜೀರುಂಡೆ. ಹಾಸಿಗೆ ಹಿಡಿದ ಅತ್ತೆ ಊರಮ್ಮನನ್ನು ರಾತ್ರಿಯೆಲ್ಲ ಹೊರಳಿಸಿ, ನೀರು ಕುಡಿಸಿ, ಮಧ್ಯಾಹ್ನ ತುಸು ಕಣ್ಣು ಮುಚ್ಚೋಣವೆಂದರೆ ಆ ಹಾಳಾದ್ದು ಶುರುಮಾಡುತ್ತಿತ್ತು. ಕಲ್ಲು ಹೊಡೆದಳು, ಹೊಗೆ ಹಾಕಿದಳು. ತುಸು ಸುಮ್ಮನಿದ್ದು ಮತ್ತೆ ಅದೇ ರಾಗ. ಕೊನೆಗೆ, "ನಿಮ್ಮವ್ವಗ ನಿದ್ದಿಯಿಲ್ಲ" ಎಂದು ನೆಪ ಹೇಳಿ, ಗಂಡ ಸುಂಕಪ್ಪನಿಂದ ಮರವನ್ನೇ ಕಡಿಸಿದಳು.

ಪಕ್ಕದ ಮನೆಯ ಮೂಕಮ್ಮ ಬಂದು ಬಿದ್ದ ಎಲೆಗಳನ್ನು ನೋಡಿದಳು. "ತಪ್ಪಲ ಒಯ್ಯಲೇನಕ್ಕಾ?"

"ಎಲ್ಲಾ ಒಯ್ಯವ್ವ. ಅಂಗಳ ಹಸನಾದ್ರ ಸಾಕು."

ಮರುವಾರ ಬೀಜದ ಜೋಳವನ್ನು ಗುಮ್ಮಿ ಎಂಬ ಬಿದಿರಿನ ಕಣಜಕ್ಕೆ ತುಂಬಬೇಕಿತ್ತು. ಅದು ಅತ್ತೆ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜ. ಕೇಳಿದವರಿಗೆಲ್ಲ ಕೊಟ್ಟ ಮನೆ ಅದು. ಬೀಜಕ್ಕಾಗಿ ಇನ್ನೊಬ್ಬರ ಮುಂದೆ ಮೊರ ಹಿಡಿದದ್ದಿಲ್ಲ.

"ಹುಳ ಬೀಳದಂಗ ಬೇವಿನ ತಪ್ಪಲ ಬೆರಸಿದಿಯೇನು ಪಕ್ಕೀರಿ?" ಮುದುಕಿ ಒಳಗಿನಿಂದ ಕೇಳಿದಳು.

ಈಗ ಎಲೆಗೆ ಕಾಲುವೆ ದಂಡೆಯವರೆಗೆ ನಡೆಯಬೇಕಿತ್ತು. ಕಾಲು ಏಳಲಿಲ್ಲ. ಒಂದು ವರ್ಷ ಹಾಕದಿದ್ದರೆ ಏನು ಮುಳುಗಿಹೋಗುತ್ತದೆ? "ಹ್ಞೂಂ ಅತ್ತಿ, ಹಾಕೀನಿ" ಎಂದು ಗುಮ್ಮಿಯ ಬಾಯಿಗೆ ಸಗಣಿ ಮೆತ್ತಿದಳು. ಅದರ ಪಕ್ಕದಲ್ಲೇ ಚಾಪೆ ಹಾಸಿ ಬೇಸಿಗೆಯುದ್ದಕ್ಕೂ ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದಳು.

ಬಿತ್ತನೆಯ ಕಾಲಕ್ಕೆ ಗುಮ್ಮಿಯೊಳಗೆ ಕೈ ಹಾಕಿದರೆ ಬಂದದ್ದು ಹಿಟ್ಟು. ನುಸಿ ಎಂಬ ಎಳ್ಳಷ್ಟು ಗಾತ್ರದ ಕರಿ ದುಂಬಿ ಬೆರಳ ಸಂದಿಯಲ್ಲಿ ಹರಿದಾಡಿತು. ತೂತಿಲ್ಲದ ಕಾಳು ಒಂದು ಹಿಡಿಯೂ ಸಿಗಲಿಲ್ಲ. ಎಲಾ ಇದರ. ಜೀರುಂಡೆ ಊರಿಗೆಲ್ಲ ಕೇಳುವಂತೆ ಒದರಿತು, ಮನೆಯ ಒಂದು ಕಾಳನ್ನೂ ಮುಟ್ಟಲಿಲ್ಲ. ಇದು ತಲೆದಿಂಬಿನ ಪಕ್ಕದಲ್ಲೇ ಕೂತು, ಸಪ್ಪಳವಿಲ್ಲದೆ ಎಲ್ಲವನ್ನೂ ನುಂಗಿತ್ತು. ಅಳುವುದಕ್ಕೂ ಬೇಸರವಾಗಿ ಪಕ್ಕೀರಮ್ಮ ಗೋಡೆಗೊರಗಿದಳು.

"ಬೀಜ ಹೆಂಗೈತಿ?"

"ಛಲೋ ಐತಿ, ಅತ್ತಿ."

ಸೆರಗಿನಲ್ಲಿ ಮೊರ ಮುಚ್ಚಿಕೊಂಡು ಮೂಕಮ್ಮನ ಮನೆಗೆ ಹೋದಳು. ಹೊಸ್ತಿಲಲ್ಲಿ ನಿಂತು ಸೆರಗು ಸರಿಸಿದಳು. ಮೂಕಮ್ಮ ಮೊರ ನೋಡಿದಳು, ಏನೂ ಕೇಳದೆ ತುಂಬಿ ಕೊಟ್ಟಳು. "ಹ್ವಾದ ವರ್ಷ ಒಯ್ದದ್ದು. ನಿಮ್ಮ ಬೀಜಾನಽ ಅಕ್ಕಾ."

ತಂದು ಅತ್ತೆಯ ಮಗ್ಗುಲಲ್ಲಿ ಇಟ್ಟಳು. ಕಣ್ಣು ಮಂಜಾದ ಮುದುಕಿ ಕಾಳಿನಲ್ಲಿ ಕೈಯಾಡಿಸಿದಳು. ಬೆರಳಿಗೆ ಒಣಗಿದ ಬೇವಿನೆಲೆ ಸಿಕ್ಕಿತು. ಮೂಗಿಗೆ ಹಿಡಿದಳು.

"ನಮ್ಮ ಗಿಡದ್ದಽ," ಎಂದಳು. "ಗಿಡ ಹ್ವಾದರೂ ನಾ ಹೇಳಿದ್ದು ನೀ ಮರೀಲಿಲ್ಲ ನೋಡು. ಮಕ್ಕೋ ಹೋಗು ಪಕ್ಕೀರಿ, ಭಾಳ ದಣದೀ."

ಪಕ್ಕೀರಮ್ಮ ಚಾಪೆಯ ಮೇಲೆ ಬಿದ್ದುಕೊಂಡಳು. ಅಂಗಳದಲ್ಲಿ ಒಂದು ಸಪ್ಪಳವೂ ಇರಲಿಲ್ಲ. ನಿದ್ದೆ ಬರಲಿಲ್ಲ.