ಗಾಳಿಯಲ್ಲಿ ಒಂದು ಗೇಣು

ಅಲ್ಲೇ ಇದೆ, ಹೂಬಿಟ್ಟ ಕೊತ್ತಂಬರಿಯ ಮೇಲೆ ಒಂದು ಗೇಣು ಎತ್ತರದಲ್ಲಿ, ಮೊಳೆ ಹೊಡೆದು ನಿಲ್ಲಿಸಿದ ಹಾಗೆ — ರೆಕ್ಕೆ ಕಾಣುವುದಿಲ್ಲ, ಬರೀ ಮಸುಕು, ನಡುವೆ ಹಳದಿ ಪಟ್ಟೆಯ ಮೈ, ಗಂಡೇ ಇರಬೇಕು, ಹೂನೊಣಗಳಲ್ಲಿ ಹೀಗೆ ಗಾಳಿಯಲ್ಲಿ ಜಾಗ ಹಿಡಿದು ಕಾಯುವುದು ಗಂಡೇ, ನೀಲಮ ಬಲೆಯ ಕೋಲನ್ನು ಬಿಗಿಯಾಗಿ ಹಿಡಿದಳು, ಹಿಂದೆ ದ್ರಾಕ್ಷಿ ಪಡದ ಸಾಲಿನ ತುದಿಗೆ ಅಪ್ಪ ನಿಂತಿದ್ದಾನೆ, ಬೆನ್ನ ಮೇಲೆ ಔಷಧಿ ತುಂಬಿದ ಪಂಪು, ಇಳಸಪಾ ಅಂದರೆ ಇಳಿಸಿದ್ರ ಮತ್ತ ಎತ್ತಾಕ ಒಬ್ರ ಬೇಕ ಬೇ, ನೀ ನಿನ್ನ ನೊಣಾ ನೋಡ. ಈ ಸಾಲು ಮುಗಿದರೆ ಬದುವಿಗೂ ಹುಳ ಸಾಯುವ ಎಣ್ಣೆ ಹೊಡೆಯಬೇಕು, ಪಡದ ಧಣಿ ಬಾಬಾಸಾಹೇಬರ ಮಾತು, ಹುಳ ಹುಟ್ಟುವುದೇ ಬದುವಿನಲ್ಲಂತೆ, ಆಮೇಲೆ ಇಲ್ಲಿ ಹಾರುವುದು ಏನೂ ಉಳಿಯುವುದಿಲ್ಲ. ಮೂರು ಹೆಣ್ಣು ಸಿಕ್ಕಿವೆ, ಇದೇ ಸತ್ತಿ ಊರಿನಲ್ಲಿ, ಇದೇ ಬದುವಿನಲ್ಲಿ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ, ಮೂರಕ್ಕೂ ಎರಡು ಕಣ್ಣಿನ ನಡುವೆ ಸಂದು ಇದೆ, ಗಂಡಿಗೆ ಇರುವುದಿಲ್ಲ, ಅದರ ಕಣ್ಣುಗಳು ನೆತ್ತಿಯ ಮೇಲೆ ಕೂಡಿಕೊಂಡಿರುತ್ತವೆ. ಹೊಟ್ಟೆಯ ಪಟ್ಟೆ ಈವರೆಗೆ ಬರೆದಿಟ್ಟ ಯಾವ ನೊಣಕ್ಕೂ ಹೊಂದುವುದಿಲ್ಲ, ಆದರೆ ಧಾರವಾಡದಲ್ಲಿ ಅವಳ ಸಂಶೋಧನೆಯ ಗೈಡ್ ಸರ್ ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ ಹೇಳಿದ್ದರು, ಬರೇ ಹೆಣ್ಣ ಇಟಗೊಂಡ ಹೊಸಾ ಜಾತಿ ಅಂದ್ರ ಯಾರೂ ಒಪ್ಪಂಗಿಲ್ಲ ನೀಲಮ, ಗಂಡ ತಗೊಂಡ ಬಾ — ಇಷ್ಟು ವರ್ಷ ಓದಿದ್ದೆಲ್ಲ ಬಂದು ಇಲ್ಲಿ ನಿಂತಿದೆ, ಒಂದು ಗಂಡು, ಅದೂ ಇವತ್ತು. ಅಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಧಣಿಯ ದನಿ ಇಲ್ಲಿಗೂ ಕೇಳಿಸಿತು, ಏ ಭರಮ್ಯಾ ಮುಗೀತೇನಲೇ, ಅಪ್ಪ ಅಂದ, ಇಲ್ರಿ ಸಾವ್ಕಾರ್ರ, ನೋಜಲ್ ಕಟ್ಕೊಂಡೈತ್ರಿ, ತೊಳ್ಯಾಕತ್ತೇನ್ರಿ. ನೋಜಲ್ಲಿಗೆ ಏನೂ ಆಗಿರಲಿಲ್ಲ. ಈ ಮನುಷ್ಯ ಸುಳ್ಳು ಹೇಳಿದ್ದನ್ನು ಅವಳು ಕೇಳಿದ್ದೇ ಇಲ್ಲ, ಹೇಳಿದ ರೀತಿ ನೋಡಿದರೆ ಪಳಗಿದ ಕೈ ಅನಿಸುತ್ತದೆ, ನಗು ಬಂತು, ನಕ್ಕರೆ ಬಲೆ ಅಲ್ಲಾಡುತ್ತದೆ. ನಿನ್ನೆ ಉಣ್ಣುವಾಗ ಹೇಳಿದ್ದಳು, ಗಂಡು ಸಿಕ್ಕರೆ ಈ ನೊಣಕ್ಕೆ ನಿನ್ನ ಹೆಸರು ಇಡತೇನಪಾ, ಜಗತ್ತಿನಾಗ ಎಲ್ಲೇ ಓದಿದ್ರೂ ಭರಮು ಅಂತನ ಇರತೈತಿ, ಅಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು, ಯಾಕ ಬೇ, ಊರಾಗ ಮಂದಿ ನಗಾಕ ಮತ್ತೇನೂ ಸಿಗವಲ್ದೇನ, ಸಾವ್ಕಾರ್ರ ಹೆಸರ ಇಡ, ಖುಷಿಯಾಗಿ ಕೂಲಿ ಹೆಚ್ಚ ಮಾಡ್ತಾರ, ಅಂದು ಅವ್ವನ ಕಡೆ ನೋಡಿ ನಕ್ಕಿದ್ದ, ಆಮೇಲೆ ಕೈ ತೊಳೆಯುತ್ತ ಮೆಲ್ಲಗೆ, ಖರೇನ ಇಡತಾರೇನ ಹಂಗ.

ಬೀಸಿದಳು — ತಪ್ಪಿತು. ಬಲೆಯಲ್ಲಿ ಕೊತ್ತಂಬರಿಯ ಹೂ ಬಿಟ್ಟರೆ ಏನಿಲ್ಲ, ಆ ಒಂದು ಗೇಣು ಗಾಳಿ ಖಾಲಿ, ಹೋಯಿತು, ಎಲ್ಲ ಹೋಯಿತು, ಹಿಂದೆ ಅಪ್ಪ ಪಂಪಿನ ಪಟ್ಟಿಯನ್ನು ಒಂದು ಹೆಗಲಿಂದ ಸ್ವಲ್ಪ ಸರಿಸಿದ ಸದ್ದು, ಚಿಕ್ಕವಳಿದ್ದಾಗ ಸಂಜೆ ಇದೇ ಅಪ್ಪ ಅಂಗಳದಲ್ಲಿ ನಿಲ್ಲುತ್ತಿದ್ದ, ಎರಡೂ ಕೈ ಮೈಯಿಂದ ದೂರ ಹಿಡಿದು, ಓಡಿ ಹೋದರೆ ಬರಬ್ಯಾಡವಾ ಎಣ್ಣಿ ಕೈ ಐತಿ, ಅವ್ವ ನೀರು ಕಾಯಿಸಿ ತರುವ ತನಕ ಹಾಗೇ, ಒಳಗೆ ಬರುವುದಿಲ್ಲ, ಅಲ್ಲಿಂದ ಹೋಗುವುದೂ ಇಲ್ಲ, ಅವಳನ್ನೇ ನೋಡುತ್ತ ನಿಂತಿರುತ್ತಾನೆ — ಬಂತು. ಅದೇ ಜಾಗ, ಅದೇ ಎತ್ತರ, ಏನೂ ಆಗಿಲ್ಲ ಅನ್ನುವ ಹಾಗೆ, ಈ ಸಲ ಯೋಚಿಸಲಿಲ್ಲ, ಬೀಸಿ ಬಲೆಯನ್ನು ಮಡಚಿದಳು, ಒಳಗೆ ಗುಂಯ್ ಎಂದಿತು, ವಿಷದ ಹತ್ತಿ ಇಟ್ಟ ಬಾಟಲಿಗೆ ಇಳಿಸಿ ಮುಚ್ಚಳ ಹಾಕಿದಳು, ಉಗುರಿಗೆ ಹಚ್ಚುವ ಬಣ್ಣದಂಥ ವಾಸನೆ, ಒಂದೆರಡು ಸಲ ಮಗ್ಗುಲು ಬದಲಿಸಿ ಸುಮ್ಮನಾಯಿತು. ಕೊಲ್ಲದೆ ಹೆಸರಿಡಲು ಬರುವುದಿಲ್ಲ, ಇದಕ್ಕೆ ಬೇರೆ ದಾರಿಯನ್ನು ಯಾರೂ ಕಲಿಸಿಲ್ಲ. ಬೆಳಕಿಗೆ ಹಿಡಿದಳು, ಕಣ್ಣುಗಳು ಕೂಡಿವೆ, ನೆತ್ತಿಯ ಮೇಲೆ ಒಂದಕ್ಕೊಂದು ಒರಗಿವೆ, ಗಂಡು ಐತಪಾ, ಅಪ್ಪ ಬಗ್ಗಿ ನೋಡಿದ, ಬಾಟಲಿ ಮುಟ್ಟಲಿಲ್ಲ, ಕೈ ದೂರವೇ ಇಟ್ಟುಕೊಂಡ, ಇಷ್ಟ ಸಣ್ಣದಕ್ಕ ನನ್ನ ಹೆಸರ ಹಿಡಿಸತೈತೇನ ಬೇ ಅಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಡೆದ. ಪಂಪಿನ ಸದ್ದು ಸಾಲು ಮುಗಿಸಿ ಬದುವಿಗೆ ಬಂತು, ಬಿಳಿ ಹೊಗೆಯಂತೆ ಎಣ್ಣೆ, ಹುಲ್ಲು, ಮುಳ್ಳುಕಂಟಿ, ಮತ್ತೆ ಹುಲ್ಲು, ಕೊತ್ತಂಬರಿಯ ಹತ್ತಿರ ಸದ್ದು ನಿಂತಿತು. ಅಪ್ಪ ನಳಿಗೆಯನ್ನು ಆಚೆ ತಿರುಗಿಸಿ ಹಿಡಿದು ಅಷ್ಟು ಜಾಗ ಸುಮ್ಮನೆ ದಾಟಿದ, ಇಲ್ಲಿ ನೋಜಲ್ ಮತ್ತ ಕಟ್ಕೊಂಡೈತಿ ಬಿಡ, ಬಟ್ಟೆಯೊಳಗಿಂದ ಹೇಳಿದ, ಆಚೆ ಹೋಗಿ ಪುನಃ ಸದ್ದು. ಬಾಟಲಿ ಅಂಗೈಯಲ್ಲಿ ಬೆಚ್ಚಗಾಗಿತ್ತು. ಅವಳು ಹೂವಿನ ಮೇಲೆ ನೋಡಿದಳು, ಇನ್ನೊಂದು ಇರಬೇಕು, ಒಂದು ಹೋದರೆ ಇನ್ನೊಂದು ಬಂದು ಜಾಗ ಹಿಡಿಯುತ್ತದೆ, ಓದಿದ್ದಾಳೆ, ಬರುತ್ತದೆ, ಬರದೇ ಹೋದರೆ — ಹೂವಿನ ಮೇಲೆ ಆ ಒಂದು ಗೇಣು ಗಾಳಿ, ಖಾಲಿ,